ಪದಕಗಳಿಗೆ ಯಾವ ಪೆಟ್ಟಿಗೆ? ರೆಡಿಮೇಡ್ ಶ್ಯಾಡೋ ಬಾಕ್ಸ್, ಟ್ರೋಫಿ ಅಂಗಡಿಯ ಫ್ರೇಮ್, ಹೇಳಿ ಮಾಡಿಸಿದ ಚೌಕಟ್ಟು

ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದ ಅಜ್ಜನ, ಅಪ್ಪನ ಅಥವಾ ಅಣ್ಣನ ಪದಕಗಳನ್ನು ಗೋಡೆಯ ಮೇಲೆ ಗೌರವದಿಂದ ಇಡಬೇಕೆಂದರೆ ಇವತ್ತು ಮೂರು ಬಗೆಯ ಪೆಟ್ಟಿಗೆಗಳು ಸಿಗುತ್ತವೆ. ಒಂದು, ಆನ್‌ಲೈನಿನಲ್ಲಿ ಮಾರುವ ರೆಡಿಮೇಡ್ ಶ್ಯಾಡೋ ಬಾಕ್ಸ್, ಅಂದರೆ ಗಾಜಿನ ಹಿಂದೆ ವಸ್ತು ಇಡುವಷ್ಟು ಆಳವಿರುವ ಚೌಕಟ್ಟು. ಎರಡು, ಟ್ರೋಫಿ, ಶೀಲ್ಡ್ ಮಾಡುವ ಅಂಗಡಿಯವರು ವೆಲ್ವೆಟ್ ಹಾಸಿ ಕಟ್ಟಿಕೊಡುವ ಫ್ರೇಮ್. ಮೂರು, ಫೋಟೋ ಫ್ರೇಮ್ ಕೆಲಸದವರಿಗೆ ಅಳತೆ, ಸಾಮಾನು ಎಲ್ಲ ಹೇಳಿ ಮಾಡಿಸುವ ಚೌಕಟ್ಟು. ಮೂರನೆಯದೇ ಸರಿ ಎನ್ನುವುದು ನಮ್ಮ ಮತ. ಮೊದಲನೆಯದನ್ನು ಒಳಗಿನ ಸಾಮಾನು ಬದಲಾಯಿಸಿಕೊಂಡು ಬಳಸಬಹುದು. ಎರಡನೆಯದಕ್ಕೆ ಅಸಲಿ ಪದಕ ಕೊಡಲೇಬಾರದು.

ಯಾವುದೇ ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಅದನ್ನು ಮಗುಚಿ ಬೆನ್ನು ನೋಡಿ. ಹಿಂದಿನ ಹಲಗೆ ಮೊಳೆ ಹೊಡೆಯದೆ, ಅಂಟು ಸುರಿಯದೆ, ಸ್ಕ್ರೂ ಅಥವಾ ತಿರುಗುವ ಕ್ಲಿಪ್ಪಿನಿಂದ ಬಿಚ್ಚುವಂತಿದೆಯೇ? ಒಂದೇ ಒಂದು ಪದಕವನ್ನು, ಉಳಿದವಕ್ಕೆ ಕೈ ತಾಗಿಸದೆ, ರಿಬ್ಬನ್ನು ಹರಿಯದೆ ಹೊರಗೆ ತೆಗೆಯಬಹುದೇ? ಈ ಎರಡು ಪ್ರಶ್ನೆಗೆ ಹೌದು ಎಂಬ ಉತ್ತರ ಸಿಗದಿದ್ದರೆ ಮುಂದಿನ ಗಾಜು, ಪಾಲಿಶ್, ಚಿನ್ನದ ಬಣ್ಣದ ಅಂಚು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇದಕ್ಕೆ ಕಾರಣ ಪದಕದ ಅಂಚಿನಲ್ಲಿದೆ. ಸೇನಾ ಪದಕಗಳ ಅಂಚಿನಲ್ಲೋ ಹಿಂಬದಿಯಲ್ಲೋ ಪಡೆದವರ ಸರ್ವಿಸ್ ನಂಬರ್, ದರ್ಜೆ, ಹೆಸರು, ಪಲ್ಟನ್ನಿನ ಹೆಸರು ಕೊರೆದಿರುತ್ತಾರೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್‌ಗಳಲ್ಲಿ ಅದು ಅಂಚಿನಲ್ಲಿರುತ್ತದೆ. 1914-15 ಸ್ಟಾರ್‌ನಲ್ಲಿ ಬೆನ್ನಿನ ಮೇಲೆ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರೂ ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ಹೆಸರು ಹಾಕಲಾಗಿತ್ತು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್‌ನಂಥ ಕುದುರೆ ದಳದಲ್ಲಿದ್ದ ಮುತ್ತಜ್ಜನ ಬಗ್ಗೆ ಮನೆಯಲ್ಲಿ ಬೇರೆ ಯಾವ ಕಾಗದವೂ ಉಳಿದಿರದಿದ್ದರೆ, ಆ ಅಂಚಿನ ಒಂದು ಸಾಲೇ ಇಡೀ ದಾಖಲೆ. ಪದಕವನ್ನು ಅಂಟಿಸಿಬಿಟ್ಟರೆ ಆ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಚೌಕಟ್ಟಿಗೆ ಕೊಡುವ ಮೊದಲು ಪ್ರತಿ ಪದಕದ ಮುಂದು, ಹಿಂದು, ಅಂಚು ಮೂರರ ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಕನ್ನು ಪಕ್ಕದಿಂದ, ಓರೆಯಾಗಿ ಬೀಳಿಸಿದರೆ ಸವೆದ ಅಕ್ಷರವೂ ನೆರಳು ಹಿಡಿದು ಓದಲು ಸಿಗುತ್ತದೆ.

ಈಗ ರೆಡಿಮೇಡ್ ಶ್ಯಾಡೋ ಬಾಕ್ಸ್. ಇದರ ಒಳ್ಳೆಯ ಗುಣ ಆಳ. ಸಾಮಾನ್ಯ ಫೋಟೋ ಫ್ರೇಮಿನಲ್ಲಿ ಗಾಜು ಪದಕಕ್ಕೆ ಒತ್ತುತ್ತದೆ. ಒತ್ತಿದ ಕಡೆ ಮಳೆಗಾಲದ ತೇವ ನಿಂತು ಲೋಹ ಕಲೆಯಾಗುತ್ತದೆ, ರಿಬ್ಬನ್ ಗಾಜಿಗೆ ಅಂಟಿಕೊಳ್ಳುತ್ತದೆ. ಪದಕಗಳಷ್ಟೇ ಇದ್ದರೆ ಗಾಜಿನ ಒಳಮೈಯಿಂದ ಹಿಂದಿನ ಹಾಸಿನವರೆಗೆ 20ರಿಂದ 25 ಮಿಲಿಮೀಟರ್ ಸಾಕು. ಟೋಪಿಯ ಬ್ಯಾಡ್ಜ್, ಭುಜಪಟ್ಟಿ ಸೇರಿಸುವುದಾದರೆ 40 ಬೇಕು. ಮಾರಾಟಗಾರರು ಕೊಡುವ ಅಳತೆ ಬಹಳ ಸಲ ಹೊರಮೈಯದು. ಹಾಸು, ಹಲಗೆ, ಗಾಜಿನ ದಪ್ಪ ಕಳೆದು ಒಳಗೆ ಎಷ್ಟು ಉಳಿಯುತ್ತದೆ ಎಂದು ಕೇಳಿಯೇ ಕೊಳ್ಳಿ.

ಕೆಟ್ಟದ್ದೆಲ್ಲ ಒಳಗಿದೆ. ಹಲಗೆ ಸಾಮಾನ್ಯವಾಗಿ ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ್ದು), ಹಾಸು ಉಣ್ಣೆಯ ಫೆಲ್ಟ್ ಅಥವಾ ಅಗ್ಗದ ವೆಲ್ವೆಟ್, ಮಧ್ಯದಲ್ಲಿ ಒಂದು ಪದರ ಫೋಮ್. ಎಂಡಿಎಫ್‌ನಿಂದ ಆಮ್ಲದ ಆವಿ ನಿಧಾನವಾಗಿ ಹೊರಬರುತ್ತಲೇ ಇರುತ್ತದೆ. ಉಣ್ಣೆ ಮತ್ತು ರಬ್ಬರಿನಲ್ಲಿ ಗಂಧಕವಿದೆ, ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮಹಾವೀರ ಚಕ್ರ, ವೀರ ಚಕ್ರ ಎರಡೂ ಬೆಳ್ಳಿಯವು. ಬ್ರಿಟಿಷ್ ವಾರ್ ಮೆಡಲ್ ಕೂಡ ಹೆಚ್ಚಾಗಿ ಬೆಳ್ಳಿಯದೇ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಆವಿಗೆ ಹೋಗಲು ದಾರಿಯಿಲ್ಲ, ಪದಕದ ಮೇಲೇ ಕೂರುತ್ತದೆ. ಬೀರುವಿನಲ್ಲಿ ಹೊಳೆಯುತ್ತಿದ್ದ ಪದಕ ಚೌಕಟ್ಟಿಗೆ ಬಂದ ಮೇಲೆ ಕಪ್ಪಾಯಿತು ಎಂದು ಜನ ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಮ್ಯೂಸಿಯಂಗಳಲ್ಲಿ ಯಾವುದೇ ಬಟ್ಟೆ, ಫೋಮನ್ನು ಬಳಸುವ ಮೊದಲು ಬೆಳ್ಳಿ, ತಾಮ್ರ, ಸೀಸದ ತುಂಡುಗಳ ಜೊತೆ ತೇವದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಟ್ಟು ನೋಡುತ್ತಾರೆ. ಮನೆಯಲ್ಲಿ ಅಷ್ಟು ಬೇಡ. ಹಾಸನ್ನೂ ಫೋಮನ್ನೂ ಕಿತ್ತು ಹಾಕಿ, ಎಂಡಿಎಫ್‌ನ ಒಳಮೈಯನ್ನು ಅಲ್ಯೂಮಿನಿಯಂ ಫಾಯಿಲ್ ಟೇಪಿನಿಂದ ಪೂರ್ತಿ ಮುಚ್ಚಿ, ಕತ್ತರಿಸಿದ ಅಂಚುಗಳನ್ನೂ ಬಿಡದೆ ಮುಚ್ಚಿ, ಅದರ ಮೇಲೆ ಆಮ್ಲರಹಿತ ಮೌಂಟ್ ಬೋರ್ಡ್ ಕೂರಿಸಿದರೆ ರೆಡಿಮೇಡ್ ಪೆಟ್ಟಿಗೆ ಬಳಸುವಂತಾಗುತ್ತದೆ. ಅಂಚು ಮುಚ್ಚದೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಆವಿ ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಆನ್‌ಲೈನಿನಲ್ಲಿ ಕಾಣುವ ತ್ರಿಕೋನಾಕಾರದ ಪೆಟ್ಟಿಗೆ ನಮ್ಮ ತ್ರಿವರ್ಣ ಧ್ವಜಕ್ಕೆ ಆಗುವುದಿಲ್ಲ. ಅದು ಅಮೆರಿಕದಲ್ಲಿ ಶವಪೆಟ್ಟಿಗೆಯ ಮೇಲೆ ಹೊದಿಸುವ 5 ಅಡಿ ಅಗಲ, ಒಂಬತ್ತೂವರೆ ಅಡಿ ಉದ್ದದ ಧ್ವಜವನ್ನು ತ್ರಿಕೋನವಾಗಿ ಮಡಿಸಿಡಲು ಮಾಡಿದ್ದು. ನಮ್ಮ ಧ್ವಜದ ಮಡಿಕೆಯ ಕ್ರಮವೇ ಬೇರೆ.

ಟ್ರೋಫಿ ಅಂಗಡಿಯ ಫ್ರೇಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಪದಕವನ್ನು ಹಿಡಿಸುವುದು ಬಿಸಿ ಅಂಟು, ಎರಡು ಬದಿಯ ಟೇಪು ಅಥವಾ ರಿಬ್ಬನ್ನಿನ ಮೇಲೆ ಹೊಡೆದ ಸ್ಟೇಪಲ್ ಪಿನ್. ಬಿಸಿ ಅಂಟು ಬೇಸಿಗೆಯಲ್ಲಿ ಮೆತ್ತಗಾಗಿ ಪದಕ ಜಾರುತ್ತದೆ. ಟೇಪಿನ ಗೋಂದು ರಿಬ್ಬನ್ನಿನ ನೂಲಿಗಿಳಿದು ಹಳದಿ ಕಲೆ ಬಿಡುತ್ತದೆ, ಅದು ತೊಳೆದರೂ ಹೋಗದು. ಸ್ಟೇಪಲ್ ಪಿನ್ ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಕೊಡುವ ಮೊದಲು ‘ಹೊಸದರಂತೆ’ ಕಾಣಲೆಂದು ಪದಕಗಳಿಗೆ ಪಾಲಿಶ್ ಹಾಕುವ ಅಭ್ಯಾಸ. ಹಿತ್ತಾಳೆ ಪಾಲಿಶ್‌ಗಳಲ್ಲಿ ಲೋಹವನ್ನು ಉಜ್ಜಿ ತೆಗೆಯುವ ಪುಡಿ ಇರುತ್ತದೆ. ಅಂಚಿನ ಅಕ್ಷರದ ಕೊರೆತ ಬಹಳ ತೆಳು, ನಾಲ್ಕಾರು ಸಲ ಉಜ್ಜಿದರೆ ಹೆಸರೇ ಮಾಸುತ್ತದೆ. ಮಹಾವೀರ ಚಕ್ರದ, ವೀರ ಚಕ್ರದ ನಡುವಿನ ಭಾಗಕ್ಕೆ ಚಿನ್ನದ ಲೇಪನವಿದೆ. ಪಾಲಿಶ್ ಅದನ್ನು ಶಾಶ್ವತವಾಗಿ ಅಳಿಸಿಬಿಡುತ್ತದೆ. ಒಣ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದಷ್ಟೇ ಮನೆಯವರ ಕೆಲಸ. ಹಿಡಿಯುವಾಗ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಕಂಚಿನ ಮೇಲೆ ಬೆರಳಚ್ಚಾಗಿ ಕೊರೆದು ಕೂರುತ್ತದೆ.

ಇನ್ನು ಫ್ರೇಮ್ ಕೆಲಸದವರಿಂದ ಮಾಡಿಸುವುದು. ಒಳ್ಳೆಯ ಕೆಲಸಗಾರ ಸಿಕ್ಕರೂ ಅವರಿಗೆ ಪದಕದ ವಿಷಯ ಗೊತ್ತಿರಬೇಕೆಂದಿಲ್ಲ, ಹೇಳಬೇಕಾದದ್ದು ನಾವೇ. ಬರೆದು ಕೊಡುವುದು ಇನ್ನೂ ಒಳ್ಳೆಯದು.

ಚೌಕಟ್ಟಿಗೆ ಅಲ್ಯೂಮಿನಿಯಂ ಅತ್ಯುತ್ತಮ, ಅದರಿಂದ ಆವಿ ಬರುವುದಿಲ್ಲ. ಮರವೇ ಬೇಕೆಂದರೆ ಓಕ್ ಬೇಡ. ಬೇರೆ ಯಾವ ಮರವಾದರೂ ಒಳಮೈಗೆ ಫಾಯಿಲ್ ಟೇಪ್ ಹಾಕಿಸಿ. ಬಣ್ಣ, ವಾರ್ನಿಷ್ ಬಳಿದಿದ್ದರೆ ಮೂರ್ನಾಲ್ಕು ವಾರ ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆ ಪದಕ ಇಡಿ. ಗಾಜು ಅತಿನೇರಳೆ ಕಿರಣ ತಡೆಯುವಂಥದ್ದಿರಲಿ, ಇಲ್ಲದಿದ್ದರೆ ಅದೇ ಗುಣದ ಅಕ್ರಿಲಿಕ್. ಅಕ್ರಿಲಿಕ್ ಹಗುರ, ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಾಕಿದರೆ ಮಂಜಾಗುತ್ತದೆ. ಪದಕದ ಹಿಂದಿನ ಹಾಸಾಗಿ ಬಣ್ಣ ಹಾಕದ, ಬ್ಲೀಚ್ ಮಾಡದ ಹತ್ತಿ ಬಟ್ಟೆ ಸಾಕು. ಅದನ್ನು ಎರಡು ಸಲ ಬಿಸಿನೀರಿನಲ್ಲಿ ತೊಳೆದು ಗಂಜಿ ಬಿಡಿಸಿ. ಬಟ್ಟೆ ಮೆದುಗೊಳಿಸುವ ದ್ರವ ಹಾಕಬೇಡಿ. ಕಡು ಕೆಂಪು, ಕಡು ಹಸಿರು ವೆಲ್ವೆಟ್ ನೋಡಲು ಚೆಂದ, ಆದರೆ ತೇವ ತಗುಲಿದರೆ ಬಣ್ಣ ಬಿಟ್ಟು ರಿಬ್ಬನ್ನಿಗೆ ಹತ್ತುತ್ತದೆ.

ಜೋಡಿಸುವುದು ಹೊಲಿಗೆಯಿಂದ. ಮೊದಲು ಚೌಕಟ್ಟಿನ ಅಳತೆಯ ಕಾಗದದ ಮೇಲೆ ಪದಕಗಳನ್ನಿಟ್ಟು ಸ್ಥಾನ ಗುರುತಿಸಿ. ಹೆಚ್ಚಿನ ಪದಕಗಳ ರಿಬ್ಬನ್ 32 ಮಿಲಿಮೀಟರ್ ಅಗಲ. ಪದಕಕ್ಕೂ ಪದಕಕ್ಕೂ ನಡುವೆ 8ರಿಂದ 10 ಮಿಲಿಮೀಟರ್ ಬಿಟ್ಟರೆ ಒಂದರ ಅಂಚು ಇನ್ನೊಂದಕ್ಕೆ ತಾಗುವುದಿಲ್ಲ. ಬಟ್ಟೆ ಹೊದಿಸಿದ ಬೋರ್ಡಿನಲ್ಲಿ ಪ್ರತಿ ಪದಕಕ್ಕೆ ನಾಲ್ಕು ಸಣ್ಣ ತೂತು: ಎರಡು ಮೇಲಿನ ಪಿನ್ ಪಟ್ಟಿಯ ಎರಡು ತುದಿಗೆ, ಎರಡು ರಿಬ್ಬನ್ನಿನ ಕೆಳಗೆ ಪದಕ ತೂಗುವ ಕೊಂಡಿಯ ಎಡಬಲಕ್ಕೆ. ಬಿಳಿ ಹತ್ತಿ ಅಥವಾ ಪಾಲಿಯೆಸ್ಟರ್ ದಾರವನ್ನು ಪಿನ್ ಪಟ್ಟಿಯ ಮೇಲೆ ಹಾಯಿಸಿ ಹಿಂದೆ ಗಂಟು ಹಾಕಿ, ಆಮೇಲೆ ಕೊಂಡಿಯನ್ನು ಅದೇ ರೀತಿ ಕಟ್ಟಿ. ಸೂಜಿ ರಿಬ್ಬನ್ನಿನೊಳಗೆ ಹೋಗಬಾರದು. ಕೊಂಡಿಯನ್ನು ಕಟ್ಟದೆ ಮೇಲೆ ಮಾತ್ರ ಕಟ್ಟಿದರೆ ಬಾಗಿಲು ಬಡಿದಾಗಲೆಲ್ಲ ಪದಕ ಓಲಾಡಿ ಹಿಂದಿನ ಬಟ್ಟೆಯನ್ನು ತಿನ್ನುತ್ತದೆ, ರಿಬ್ಬನ್ನಿನ ಮಡಿಕೆ ಸವೆಯುತ್ತದೆ. ಪ್ರತಿ ಪದಕಕ್ಕೆ ಪ್ರತ್ಯೇಕ ದಾರ. ಒಂದೇ ದಾರದಲ್ಲಿ ಸಾಲಾಗಿ ಹೊಲಿದರೆ ಒಂದನ್ನು ತೆಗೆಯಲು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಆದರೆ ಸೈನಿಕರು ತಾವೇ ಎದೆಗೆ ಧರಿಸುತ್ತಿದ್ದ, ಒಂದೇ ಪಟ್ಟಿಗೆ ಜೋಡಿಸಿದ ಪದಕಗಳ ಸಾಲು ಮನೆಯಲ್ಲಿದ್ದರೆ ಅದನ್ನು ದಯವಿಟ್ಟು ಬಿಚ್ಚಬೇಡಿ. ಆ ಜೋಡಣೆ, ಮಾಸಿದ ರಿಬ್ಬನ್, ಹಿಂದಿನ ದರ್ಜಿಯ ಹೊಲಿಗೆ ಇವೆಲ್ಲವೂ ಅವರ ಸೇವೆಯ ಭಾಗ. ಮಾಸಿದ ರಿಬ್ಬನ್ ತೆಗೆದು ಹೊಸದು ಹಾಕಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಅದನ್ನು ಕೇಳಬೇಡಿ. ರಿಬ್ಬನ್ ಹರಿದು ಪದಕ ಬೀಳುವ ಸ್ಥಿತಿಗೆ ಬಂದಿದ್ದರೆ ಮಾತ್ರ ಹೊಸದು ಹಾಕಿ, ಹಳೆಯದನ್ನು ಲಕೋಟೆಯಲ್ಲಿಟ್ಟು ಹೆಸರು ಬರೆದಿಡಿ.

ಕ್ರಮ ತಪ್ಪುವುದು ಬಹಳ ಸಾಮಾನ್ಯ. ನೋಡುವವರ ಎಡದಿಂದ ಬಲಕ್ಕೆ ಹಿರಿಯ ಪದಕದಿಂದ ಕಿರಿಯದಕ್ಕೆ ಬರಬೇಕು. ದೊಡ್ಡದನ್ನು ನಡುವೆ ಇಟ್ಟು ಅಕ್ಕಪಕ್ಕ ಸಣ್ಣದಿಡುವುದು ಅಂಗಡಿಯವರ ಅಲಂಕಾರ, ಸೈನ್ಯದ ಕ್ರಮವಲ್ಲ. ಸರಿಯಾದ ಕ್ರಮ ತಿಳಿಯಲು ಸುಲಭದ ದಾರಿ ಸಮವಸ್ತ್ರದಲ್ಲಿರುವ ಅವರದೇ ಹಳೆಯ ಫೋಟೋ. ಎದೆಯ ರಿಬ್ಬನ್ ಪಟ್ಟಿಯನ್ನು ದೊಡ್ಡದು ಮಾಡಿ ನೋಡಿ. ಆ ಫೋಟೋದ ನಂತರ ಬಂದ ಪದಕಗಳಿಗೆ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯದಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ದಾಖಲೆಯ ಪುಸ್ತಕ ನೋಡಬೇಕು. ರಿಬ್ಬನ್ನಿನ ದಿಕ್ಕೂ ಅಷ್ಟೇ ಮುಖ್ಯ. ಮಹಾವೀರ ಚಕ್ರದ ರಿಬ್ಬನ್ ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರದ್ದು ಅರ್ಧ ಕಡುನೀಲಿ, ಅರ್ಧ ಕಿತ್ತಳೆ. ಎರಡರಲ್ಲೂ ಕಿತ್ತಳೆ ಭಾಗ ಧರಿಸಿದವರ ಎಡಭುಜದ ಕಡೆ, ಅಂದರೆ ನೋಡುವವರ ಬಲಕ್ಕೆ ಬರಬೇಕು. 1939-45 ಸ್ಟಾರ್‌ನ ಮೂರು ಪಟ್ಟೆಯಲ್ಲಿ ನೌಕಾಪಡೆಯ ಕಡುನೀಲಿ ನೋಡುವವರ ಎಡಕ್ಕೆ, ಭೂಸೇನೆಯ ಕೆಂಪು ನಡುವೆ, ವಾಯುಪಡೆಯ ತಿಳಿನೀಲಿ ಬಲಕ್ಕೆ. ಪರಮವೀರ ಚಕ್ರದ ನೇರಳೆ ರಿಬ್ಬನ್ ಒಂದೇ ಬಣ್ಣದ್ದಾದ್ದರಿಂದ ಅಲ್ಲಿ ಈ ಗೊಂದಲವಿಲ್ಲ.

ಹಳೆಯ ಪದಕಗಳ ಮೇಲೆ ಹಸಿರು ಜಿಗುಟು ಕಂಡರೆ ಅದು ಹೆಚ್ಚಾಗಿ ಮೆತ್ತನೆಯ ಪಿವಿಸಿ ಕವರಿನ ಫಲ. ಹಳತಾದ ಪಿವಿಸಿ ಆಮ್ಲ ಬಿಡುತ್ತದೆ, ಅದನ್ನು ಮೆತ್ತಗಿಡುವ ಎಣ್ಣೆ ಹೊರಗೆ ಒಸರುತ್ತದೆ, ಎರಡೂ ಸೇರಿ ತಾಮ್ರ ಬೆರೆತ ಲೋಹವನ್ನು ತಿನ್ನುತ್ತವೆ. ಬರ್ಮಾ ಸ್ಟಾರ್‌ನಂಥ ತಾಮ್ರ-ಸತು ಮಿಶ್ರಣದ ನಕ್ಷತ್ರಗಳಲ್ಲಿ ಇದು ಬೇಗ ಕಾಣುತ್ತದೆ. ಕವರನ್ನು ಎಸೆಯಿರಿ. ಪದಕವನ್ನು ಹಾಗೆಯೇ ಚೌಕಟ್ಟಿಗೆ ಹಾಕದೆ ಲೋಹ ಸಂರಕ್ಷಣೆ ತಿಳಿದವರಿಗೆ ತೋರಿಸಿ, ಕೆರೆದು ತೆಗೆಯಲು ಹೋಗಬೇಡಿ. ಇಡಲು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು ಬಳಸಿ.

ಫೋಟೋ, ಪತ್ರ, ಡಿಸ್ಚಾರ್ಜ್ ಬುಕ್ಕಿನ ಪುಟ ಇವುಗಳ ನಕಲು ಮಾತ್ರ ಚೌಕಟ್ಟಿಗೆ ಹೋಗಲಿ. ಸಾಮಾನ್ಯ ಗಾತ್ರದ ಫೋಟೋಗೆ 600 ಡಿಪಿಐ, ಪಾಸ್‌ಪೋರ್ಟ್ ಗಾತ್ರದ್ದಕ್ಕೆ 1200 ಡಿಪಿಐ ಸ್ಕ್ಯಾನ್ ಮಾಡಿ, ಫೋಟೋದ ಬೆನ್ನಿನ ಬರಹವನ್ನೂ ಬಿಡಬೇಡಿ. ಪ್ರಿಂಟ್ ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲರಹಿತ ಕಾಗದದ ಮೇಲಿರಲಿ. ಪತ್ರಿಕೆಯ ತುಣುಕನ್ನು ಪದಕಗಳ ಜೊತೆ ಮುಚ್ಚಿಡುವುದಂತೂ ಬೇಡವೇ ಬೇಡ. ಆ ಕಾಗದ ತಾನೂ ಹಳದಿಯಾಗಿ ಪುಡಿಯಾಗುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ.

ಹೆಸರಿನ ಫಲಕದಲ್ಲಿ ಆಗುವ ತಪ್ಪುಗಳು ಮನಸ್ಸಿಗೆ ಹೆಚ್ಚು ನೋವು ಕೊಡುತ್ತವೆ. ಹೆಸರು, ದರ್ಜೆ, ಸರ್ವಿಸ್ ನಂಬರ್, ರೆಜಿಮೆಂಟ್, ಸೇವೆಯ ವರ್ಷಗಳು, ಭಾಗವಹಿಸಿದ ಯುದ್ಧ, ಇಷ್ಟು ಸಾಕು. ದರ್ಜೆಯನ್ನು ಡಿಸ್ಚಾರ್ಜ್ ಬುಕ್ಕಿನಲ್ಲಿರುವಂತೆಯೇ ಬರೆಯಿರಿ, ಪ್ರೀತಿಯಿಂದಲೂ ಒಂದು ಮೆಟ್ಟಿಲು ಏರಿಸಬೇಡಿ. 1965ರ ಸಮರ್ ಸೇವಾ ಸ್ಟಾರ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, 1999ರ ಆಪರೇಷನ್ ವಿಜಯ್ ಪದಕಗಳು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದಕ್ಕೆ ಕೊಟ್ಟವು. ಅವುಗಳ ಕೆಳಗೆ ‘ಶೌರ್ಯ ಪ್ರಶಸ್ತಿ’ ಎಂದು ಕೊರೆಸುವುದು ತಪ್ಪು. ಆ ಯುದ್ಧಭೂಮಿಯಲ್ಲಿ ನಿಂತಿದ್ದ ಸೇವೆ ತನ್ನಷ್ಟಕ್ಕೇ ದೊಡ್ಡದು, ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಫಲಕದ ತಲೆಯ ಮೇಲೆ ನಾಲ್ಕು ಸಿಂಹದ ಲಾಂಛನ ಹಾಕಿಕೊಡುವುದು ಅಂಗಡಿಗಳ ರೂಢಿ. ರಾಷ್ಟ್ರಲಾಂಛನದ ಬಳಕೆಗೆ 2005ರ ಕಾಯ್ದೆಯ ನಿರ್ಬಂಧವಿದೆ, ಬೇಡವೆಂದು ಮೊದಲೇ ಹೇಳಿ.

ಕನ್ನಡದಲ್ಲಿ ಕೊರೆಸುವಾಗ ಇನ್ನೊಂದು ತೊಂದರೆಯಿದೆ. ಲೇಸರ್ ಯಂತ್ರದ ಕೆಲವು ಸಾಫ್ಟ್‌ವೇರ್‌ಗಳು ಯೂನಿಕೋಡ್ ಕನ್ನಡದ ಒತ್ತಕ್ಷರ, ಅರ್ಕಾವತ್ತನ್ನು ಒಡೆದು ಬಿಡಿಬಿಡಿಯಾಗಿ ತೋರಿಸುತ್ತವೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೇ ಇಂಗ್ಲಿಷಿನ ಗೋಜಲಾಗುತ್ತದೆ. ಆದ್ದರಿಂದ ಬರಹವನ್ನು ಪದಗಳಾಗಿ ಕಳಿಸದೆ, ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕಳಿಸಿ. ಕೊರೆಯುವ ಮೊದಲು ಅವರ ಪರದೆಯ ಚಿತ್ರ ತರಿಸಿಕೊಂಡು ‘ರ್ಯ’, ‘ಕ್ಷ’, ‘ತ್ರ್ಯ’ ಇರುವ ಪದಗಳನ್ನು ಒಂದೊಂದಾಗಿ ನೋಡಿ ಒಪ್ಪಿಗೆ ಕೊಡಿ.

ಅಂತಿಮ ಸಂಸ್ಕಾರದ ಬಳಿಕ ಕುಟುಂಬಕ್ಕೆ ಒಪ್ಪಿಸಿದ ಧ್ವಜವಿದ್ದರೆ ಅದಕ್ಕೆ ಬೇರೆಯೇ ಪೆಟ್ಟಿಗೆ ಮಾಡಿಸಿ. ಧ್ವಜವನ್ನು ಅಡ್ಡಲಾಗಿ ಹರಡಿ, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿ ಪಟ್ಟಿಯ ಕೆಳಗೆ ಮಡಿಸಿ, ಆಮೇಲೆ ಬಿಳಿ ಪಟ್ಟಿಯನ್ನು ಅಶೋಕ ಚಕ್ರದ ಜೊತೆ ಕೇಸರಿ, ಹಸಿರಿನ ಸ್ವಲ್ಪ ಭಾಗ ಮಾತ್ರ ಕಾಣುವಂತೆ ಮಡಿಸಬೇಕು. 1800 × 1200 ಮಿಲಿಮೀಟರಿನ ಧ್ವಜವಾದರೆ ಒಂದೊಂದು ಪಟ್ಟಿಯೇ 400 ಮಿಲಿಮೀಟರ್. ಪೆಟ್ಟಿಗೆಯ ಒಳ ಎತ್ತರ ಅದಕ್ಕಿಂತ ಕಡಿಮೆಯಾದರೆ ಧ್ವಜವನ್ನು ತುರುಕಬೇಕಾಗುತ್ತದೆ. ಆಳವನ್ನು ಊಹಿಸಬೇಡಿ, ಮಡಿಸಿದ ಧ್ವಜದ ದಪ್ಪ ಅಳೆದು ಅದಕ್ಕೆ 15 ಮಿಲಿಮೀಟರ್ ಸೇರಿಸಿ. ಪ್ರತಿ ಮಡಿಕೆಯ ಒಳಗೆ ಆಮ್ಲರಹಿತ ಟಿಶ್ಯೂ ಕಾಗದವನ್ನು ಸುರುಳಿ ಸುತ್ತಿ ಇಟ್ಟರೆ ಖಾದಿ ಗೆರೆಯಲ್ಲಿ ಸೀಳುವುದಿಲ್ಲ. ಧ್ವಜದ ಮೇಲೆ ಪದಕ ಪಿನ್ ಮಾಡುವುದು, ಹೆಸರು ಬರೆಯುವುದು ಕೂಡದು.

ತೂಗುಹಾಕುವ ಜಾಗ ಆರಿಸುವಾಗ ಬೆಳಕನ್ನೇ ಮೊದಲು ನೋಡಿ. ರಿಬ್ಬನ್ನಿನಂಥ ಬಟ್ಟೆಗೆ ಮ್ಯೂಸಿಯಂಗಳು ಇಟ್ಟುಕೊಂಡ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ). ಕಿಟಕಿಯ ಎದುರಿನ ಗೋಡೆ ಅದನ್ನು ಎಷ್ಟೋ ಪಟ್ಟು ಮೀರುತ್ತದೆ, ಯಾವ ಗಾಜು ಹಾಕಿದರೂ ಬಣ್ಣ ಹೋಗುತ್ತದೆ, ಹೋದ ಬಣ್ಣ ಮರಳದು. ಪೆಟ್ಟಿಗೆಯೊಳಗೆ ಎಲ್‌ಇಡಿ ಪಟ್ಟಿ ಹಾಕಿಸಬೇಡಿ. ಮಳೆ ಬಡಿಯುವ ಹೊರಗೋಡೆ, ಬಚ್ಚಲಿನ ಗೋಡೆ, ದೇವರ ದೀಪದ ಹೊಗೆ ತಾಗುವ ಜಾಗ ಬಿಟ್ಟು ಒಳಗೋಡೆ ಆರಿಸಿ. 3 ಮಿಲಿಮೀಟರ್ ಗಾಜು ಚದರ ಮೀಟರಿಗೆ ಏಳೂವರೆ ಕಿಲೋ ತೂಗುತ್ತದೆ; 40 × 50 ಸೆಂಟಿಮೀಟರ್ ಪೆಟ್ಟಿಗೆಯ ಗಾಜೇ ಒಂದೂವರೆ ಕಿಲೋ. ರೆಡಿಮೇಡ್ ಪೆಟ್ಟಿಗೆಯ ಹಿಂದೆ ಬರುವ ಗರಗಸ ಹಲ್ಲಿನ ಕೊಕ್ಕೆಗೆ ಈ ಭಾರ ಹೆಚ್ಚು. ಎರಡು ಬದಿಗೆ ಡಿ-ರಿಂಗ್ ಹಾಕಿಸಿ, ಗೋಡೆಗೆ ಪ್ಲಗ್ ಸಮೇತ ಎರಡು ಸ್ಕ್ರೂ ಕೂರಿಸಿ. ಕೆಳಗಿನ ಎರಡು ಮೂಲೆಗೆ ಹಿಂದೆ ಸಣ್ಣ ದಪ್ಪ ಬಿಲ್ಲೆ ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುತ್ತದೆ.

ಸಿಲಿಕಾ ಜೆಲ್ ಪೊಟ್ಟಣವನ್ನು ಮೂಲೆಯಲ್ಲಿ ಸಿಕ್ಕಿಸಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ಸಂದುಗಳಿರುವ ಪೆಟ್ಟಿಗೆಯಲ್ಲಿ ಅದು ಕೆಲವೇ ದಿನದಲ್ಲಿ ಹೊರಗಿನ ತೇವ ಕುಡಿದು ನಿಲ್ಲುತ್ತದೆ, ನಂತರ ಒದ್ದೆ ಚೀಲವಷ್ಟೇ. ಮಳೆಗಾಲ ಮುಗಿದ ಕೂಡಲೇ, ಒಣ ದಿನ ನೋಡಿ, ಹಿಂದಿನ ಹಲಗೆ ಬಿಚ್ಚಿ. ಬಿಳಿ ಬೂಷ್ಟು, ಹಸಿರು ಚುಕ್ಕೆ, ಹುಳು ತಿಂದ ನೂಲು ಇದೆಯೇ ನೋಡಿ, ಸಡಿಲವಾದ ದಾರ ಬದಲಾಯಿಸಿ, ಹಿಂದೆ ತೆಗೆದ ಫೋಟೋದ ಜೊತೆ ಹೋಲಿಸಿ. ಮನೆಯಲ್ಲಿ ಓದಲು ಬರುವ ಮಕ್ಕಳಿದ್ದರೆ ಅಂಚಿನ ಹೆಸರನ್ನು ಅವರಿಂದಲೇ ಓದಿಸಿ, ಆಮೇಲೆ ಮುಚ್ಚಿ.